ಜಗಲಿಯಲ್ಲಿ ಕಾದು ಕುಳಿತವರಿಗೆ

ಕಳೆದ ಭಾನುವಾರ ನಮ್ಮ ಮಗಳಿಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು. ಫೋಟೊ ನೋಡಿ ಕುಂಬಳೆ, ಬದಿಯಡ್ಕ, ಉಪ್ಪಳದಿಂದ ಹಿಡಿದು ಗಲ್ಫಿನವರೆಗೆ ಎಷ್ಟೋ ಮಂದಿ ಹಾರೈಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕುಳಿತೆ. ಬರೆಯುತ್ತಾ ಹೋದಂತೆ ಇದು ಎರಡು ಸಾಲಿನಲ್ಲಿ ತೀರುವ ಋಣವಲ್ಲ ಅನ್ನಿಸಿತು. ಹಾಗಾಗಿ ಎಲ್ಲರ ಮುಂದೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಆ ಮಳೆಗಾಲದಲ್ಲಿ ನಡೆದದ್ದನ್ನು ಮತ್ತೆ ವಿವರಿಸುವುದಿಲ್ಲ. ನಮ್ಮನ್ನು ಬಲ್ಲವರಿಗೆ ಅದು ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಬ್ಲ್ಯಾಕ್ ಬೆಲ್ಟಿಗೆ ಹಿಂದಿನದಾದ ಬ್ರೌನ್ ಬೆಲ್ಟ್ ಕಟ್ಟಿಕೊಂಡು ಹಾರಾಡುತ್ತಿದ್ದ ಹುಡುಗಿ ಒಂದು ಸಂಜೆ ರಸ್ತೆಯಲ್ಲಿ ಬಿದ್ದಳು. ಅವಳ ಎಡಗಾಲು ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದರೆ ಬಹಳ ಕಾಲ ಯಾರೂ ಹೌದು ಎನ್ನಲಿಲ್ಲ.

ಈ ಬರಹದ ಬಹುಪಾಲು ಒಬ್ಬರಿಗೇ ಸಲ್ಲಬೇಕು. ಹೆಸರು ಹಾಕಬಾರದೆಂದು ಅವರು ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಮಗಳೂ ನಾನೂ ಅವರನ್ನು ಕರೆಯುವುದು ಚೇಚಿ ಎಂದೇ, ಮಲಯಾಳದಲ್ಲಿ ಅಕ್ಕ ಎಂದರ್ಥ. ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವುದು ಅವರ ಕೆಲಸ. ಅವರ ಮಗನೂ ನಮ್ಮ ಮಗಳೂ ಒಂದೇ ವರ್ಷ ಬಿಳಿ ಬೆಲ್ಟ್ ಕಟ್ಟಿ ಒಂದೇ ಸಾಲಿನಲ್ಲಿ ನಿಂತವರು. ಕರಾಟೆ ಕ್ಲಾಸಿನ ಹಾಲ್‌ನ ಹೊರಗೆ ಉದ್ದನೆಯ ಜಗಲಿಯೊಂದಿದೆ. ಮಕ್ಕಳನ್ನು ಬಿಟ್ಟು ಪೇಟೆ ಕೆಲಸಕ್ಕೆ ಹೋಗುವವರು ಹೋಗುತ್ತಿದ್ದರು. ನಾವಿಬ್ಬರು ಅಲ್ಲೇ ಕೂರುತ್ತಿದ್ದೆವು. ಒಳಗೆ ಆಜ್ಞೆಗಳು ಜಪಾನಿ ಭಾಷೆಯಲ್ಲಿ, ವಿವರಣೆ ಮಲಯಾಳದಲ್ಲಿ, ಮಕ್ಕಳ ಜಗಳ ತುಳುವಿನಲ್ಲಿ. ಮನೆಗೆ ಹೊರಡುವಾಗ ನಾನು ಮಗಳನ್ನು ಕೂಗುವುದು ಕನ್ನಡದಲ್ಲಿ. ಕಾಸರಗೋಡಿನ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಚೇಚಿ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರೂ ಕಿವಿ ಹಾಲ್‌ನ ಒಳಗೇ ಇರುತ್ತಿತ್ತು. ಇಚಿ, ನಿ, ಸಾನ್, ಶಿ, ಗೋ ಎಂದು ಕರಾಟೆ ಕಲಿಸುವ ಮಾಷ್ ಜಪಾನಿಯಲ್ಲಿ ಒಂದರಿಂದ ಎಣಿಸುತ್ತಿದ್ದರೆ ಒಂದೊಂದು ಎಣಿಕೆಗೂ ಮಕ್ಕಳು ಒಂದೊಂದು ಹೆಜ್ಜೆ ಮುಂದಿಟ್ಟು ಗುದ್ದುತ್ತಾರೆ. ಹತ್ತಾದ ಮೇಲೆ ತಿರುಗಿ ಮತ್ತೆ ಒಂದರಿಂದ. ಯಾವ ಮಗುವಿನ ಹೆಜ್ಜೆ ಹಿಂದೆ ಬಿತ್ತೆಂದು ಚೇಚಿ ತಲೆಯೆತ್ತದೆಯೇ ಹೇಳುತ್ತಿದ್ದರು. ಕರಾಟೆಯ ಒಂದು ಪಟ್ಟನ್ನೂ ಅವರು ಕಲಿತವರಲ್ಲ. ಮಗನಿಗಾಗಿ ಕಾಯುತ್ತಾ ಆ ಎಣಿಕೆ ಅವರ ಬಾಯಿಗೆ ಬಂದಿತ್ತು, ಅಷ್ಟೇ. ಅದು ಒಂದು ರಾತ್ರಿ ನನ್ನ ಮಗಳಿಗೆ ಬೇಕಾಗುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಇವರು, ಮಗಳ ಅಪ್ಪ, ಶಾರ್ಜಾದಲ್ಲಿದ್ದರು. ಮನೆಯಲ್ಲಿ ಅತ್ತೆ ಮತ್ತು ಚಿಕ್ಕ ಮಗ. ಕುಂಬಳೆ, ಮಂಜೇಶ್ವರದ ಕಡೆಯವರು ದೊಡ್ಡ ಚಿಕಿತ್ಸೆ ಎಂದರೆ ಮಂಗಳೂರಿಗೇ ಓಡುವವರು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ನಿಂತದ್ದನ್ನು ಕಂಡ ಮೇಲೆ ಆ ದಾರಿಯ ಬಗ್ಗೆ ನನ್ನೊಳಗೆ ಒಂದು ಭಯ ಉಳಿದುಬಿಟ್ಟಿದೆ. ಆ ದಿನ ಗಡಿ ತೆರೆದೇ ಇತ್ತು. ಆದರೆ ಹೆದ್ದಾರಿ 66ನ್ನು ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಸುರಿಯುವ ಮಳೆಯಲ್ಲಿ ಎಲ್ಲಿ ರಸ್ತೆ, ಎಲ್ಲಿ ಹೊಂಡ ಎಂದು ತಿಳಿಯುತ್ತಿರಲಿಲ್ಲ. ಸುದ್ದಿ ತಿಳಿದ ಚೇಚಿ ಮನೆಯಲ್ಲಿ ತೊಟ್ಟಿದ್ದ ಬಟ್ಟೆಯಲ್ಲೇ ಬಂದು ಆಂಬುಲೆನ್ಸ್ ಹತ್ತಿದರು. ನಾನು ಕರೆದಿರಲಿಲ್ಲ. ಯಾರನ್ನಾದರೂ ಕರೆಯಬೇಕೆಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಪ್ರತಿ ಕುಲುಕಿಗೂ ಮಗಳು ಚೀರುತ್ತಿದ್ದಳು. ನೇತ್ರಾವತಿ ಸೇತುವೆ ಬರುವವರೆಗೂ ಚೇಚಿ ಆ ಕಾಲಿನ ಪಕ್ಕದಲ್ಲಿ ಮಂಡಿಯೂರಿ, ಅದು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಪರೇಷನ್ ಬೆಳಗ್ಗೆ ಎಂದಾಯಿತು. ಅಲ್ಲಿಯವರೆಗೆ ಕಾಯಬೇಕಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರೂ ಮಗಳ ಉಸಿರು ಹದಕ್ಕೆ ಬರಲಿಲ್ಲ. ಹೆದರಿಕೆಯಿಂದ ಏದುಸಿರು ಬಿಡುತ್ತಿದ್ದಳು. ನಿಧಾನವಾಗಿ ಉಸಿರೆಳೆದುಕೋ ಎಂದು ದಾದಿಯೂ ಹೇಳಿದರು, ನಾನೂ ಹೇಳಿದೆ. ನನ್ನ ದನಿಯೇ ನಡುಗುತ್ತಿತ್ತು. ಆಗ ಚೇಚಿ ಅವಳ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಮಾಷ್ ಎಣಿಸುವ ಧಾಟಿಯಲ್ಲೇ, ಆದರೆ ಬಹಳ ನಿಧಾನವಾಗಿ, ಇಚಿ ಎಂದರು. ಮಗಳು ಉಸಿರು ಎಳೆದುಕೊಂಡಳು. ನಿ ಎಂದರು. ಬಿಟ್ಟಳು. ಸಾನ್. ಶಿ. ಹತ್ತರವರೆಗೆ ಹೋಗಿ ಮತ್ತೆ ಒಂದರಿಂದ. ಎಷ್ಟೋ ಹೊತ್ತಿನ ಮೇಲೆ ಒಂದು ಸುತ್ತಿನಲ್ಲಿ ಚೇಚಿ ಆರು, ಅಂದರೆ ರೊಕು, ಆದಮೇಲೆ ನೇರವಾಗಿ ಎಂಟಕ್ಕೆ ಹಾರಿ ಹಚಿ ಅಂದುಬಿಟ್ಟರು. ಕಣ್ಣು ಮುಚ್ಚಿಕೊಂಡೇ ಮಗಳು ಹೇಳಿದಳು: "ಚೇಚಿ, ಶಿಚಿ ಬಿಟ್ಟಿರಿ." ಆ ರಾತ್ರಿ ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಅಲ್ಲಿಂದಾಚೆಗೆ ಚೇಚಿಯ ಎಣಿಕೆ ಆಗಾಗ ತಪ್ಪುತ್ತಲೇ ಇತ್ತು. ಮಗಳು ತಿದ್ದುತ್ತಲೇ ಇದ್ದಳು. ಬೇಕೆಂದೇ ತಪ್ಪಿಸಿದಿರಲ್ಲವೇ ಎಂದು ಇವತ್ತಿಗೂ ಕೇಳುತ್ತೇನೆ. ಒಪ್ಪುವುದಿಲ್ಲ. ಬೆಳಕು ಹರಿಯುವವರೆಗೆ ಅವರು ಆ ಸ್ಟೂಲಿನಿಂದ ಎದ್ದದ್ದು ಒಮ್ಮೆ ಮಾತ್ರ. ಶಾಲೆಯ ಅಡುಗೆಗೆ ಬೇರೆಯವರನ್ನು ಗೊತ್ತುಮಾಡಲು, ಮತ್ತು ತಮ್ಮ ಅಯಲ್ಕೂಟದ, ಅಂದರೆ ಕುಟುಂಬಶ್ರೀಯ ನೆರೆಕರೆ ಗುಂಪಿನ, ಹೆಂಗಸರಿಗೆ ಫೋನ್ ಮಾಡಲು. ಆಪರೇಷನ್‌ಗೆ ಮೊದಲು ಕಟ್ಟಬೇಕಾಗಿದ್ದ ಹಣದಲ್ಲಿ ಕಡಿಮೆಬಿದ್ದದ್ದು ಆ ಹೆಂಗಸರ ಕೈಯಿಂದ ಬಂತು. ಮೊಟ್ಟೆ ಮಾರಿ, ಹಪ್ಪಳ ಮಾಡಿ, ವಾರವಾರ ಕೂಡಿಟ್ಟ ಹಣ. ಅವರಲ್ಲಿ ಹಲವರ ಮುಖವನ್ನೂ ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಇವರು ವಿಮಾನ ಇಳಿದು ಆಸ್ಪತ್ರೆಗೆ ಬಂದ ಮೇಲೆಯೇ ಚೇಚಿ ಕುಂಬಳೆಯ ಬಸ್ಸು ಹತ್ತಿದರು.

ಚೇಚಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಮಗಳೇ ಅವರ ಪಕ್ಕದಲ್ಲಿ ಕುಳಿತು ಓದಿ ಮಲಯಾಳದಲ್ಲಿ ಹೇಳುತ್ತಾಳೆ. ಮಧ್ಯದಲ್ಲಿ ಅವರು ಸಾಕು ಸಾಕು ಎನ್ನುತ್ತಾರೆಂದು ನನಗೆ ಗೊತ್ತು. ಪೂರ್ತಿ ಓದಿಯೇ ಏಳಬೇಕೆಂದು ಮಗಳಿಗೆ ಹೇಳಿದ್ದೇನೆ.

ಇನ್ನು ಮಾಷ್. ಮಗಳು ವಾಕರ್ ಹಿಡಿದು ನಡೆಯುತ್ತಿದ್ದಾಗ ಅವರು ಮನೆಗೆ ಬಂದು, ಕ್ಲಾಸಿಗೆ ಬಂದು ಕುರ್ಚಿಯ ಮೇಲೆ ಕುಳಿತುಕೋ, ಚಿಕ್ಕವರಿಗೆ ಎಣಿಸು ಎಂದರು. ಒಕಿನಾವಾದ ಗುರು ಆಂಕೊ ಇತೊಸು ಶಾಲೆಯ ಮಕ್ಕಳಿಗೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಐದು ಕತಾಗಳನ್ನು, ಅಂದರೆ ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಪಟ್ಟುಗಳ ಸರಣಿಗಳನ್ನು, ಶೋಟೋಕಾನ್ ಪದ್ಧತಿಯಲ್ಲಿ ಹೇಯಾನ್ ಎನ್ನುತ್ತಾರೆ. ಬಿಳಿ ಬೆಲ್ಟಿನ ಮಕ್ಕಳು ಅದರಲ್ಲಿ ಮೊದಲನೆಯದನ್ನು ಮಾಡುವಾಗ ನನ್ನ ಮಗಳು ಕುರ್ಚಿಯಿಂದಲೇ ಅವರ ಹಿಂಗಾಲಿನ ಹಿಮ್ಮಡಿ ನೆಲದಿಂದ ಏಳುವುದನ್ನು ಹಿಡಿಯುತ್ತಿದ್ದಳು. ಕಾಲಿಲ್ಲದೆಯೂ ಕರಾಟೆಯ ಒಳಗೆ ಇರಬಹುದು ಎಂಬ ಧೈರ್ಯ ಅವಳಿಗೆ ಅಲ್ಲಿ ಬಂತು. ಚೇಚಿಯ ಮಗ ಟೋಕಿಯೊ ಒಲಿಂಪಿಕ್ಸ್‌ನ ವಿಡಿಯೊ ಕಳುಹಿಸುತ್ತಿದ್ದ. 2021ರಲ್ಲಿ ಅಲ್ಲಿನ ಬುಡೋಕಾನ್ ಕ್ರೀಡಾಂಗಣದಲ್ಲಿ ಮಹಿಳೆಯರ ಕತಾದ ಚಿನ್ನ ಗೆದ್ದಾಗ ಸ್ಪೇನಿನ ಸಾಂಡ್ರಾ ಸಾಂಚೆಸ್‌ಗೆ 39 ವರ್ಷ. ಅವಸರವಿಲ್ಲ ಎಂದು ನಾನು ನೂರು ಸಲ ಹೇಳಿ ಆಗದ್ದನ್ನು ಆ ವಯಸ್ಸಿನ ಲೆಕ್ಕ ಮಾಡಿತು.

ಮಾಷ್‌ಗೆ ನಾನು ಹೆಚ್ಚು ಋಣಿಯಾಗಿರುವುದು ಅವರು ಕೊಡದೇ ಇದ್ದುದಕ್ಕೆ. ಬ್ರೌನ್ ಬೆಲ್ಟಿನಲ್ಲೇ ಮೂರು ಹಂತಗಳಿವೆ. ಮಗಳು ಮತ್ತೆ ನಿಲ್ಲಲು ಕಲಿತ ಮೇಲೆ, ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ, ಮುಂದಿನ ಹಂತ ಕೊಟ್ಟುಬಿಡಿ ಎಂದು ಪ್ರೀತಿಯಿಂದ ಹೇಳಿದವರಿದ್ದರು. ಮಾಷ್ ಕೊಡಲಿಲ್ಲ. ಮೊದಲೇ ಕಲಿತಿದ್ದ ತೆಕ್ಕಿ ಶೋದಾನ್ ಕತಾವನ್ನು ಮತ್ತೆ ಮಾಡಿಸಿದರು. ಅದರಲ್ಲಿ ಮುಂದೆ ಹಿಂದೆ ಹೋಗುವುದಿಲ್ಲ. ಕುದುರೆಯ ಮೇಲೆ ಕುಳಿತವರಂತೆ ಮಂಡಿ ಬಗ್ಗಿಸಿ, ಕಾಲಗಲಿಸಿ, ಅದೇ ಎತ್ತರದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಗೆರೆಯಲ್ಲಿ ಸಾಗಬೇಕು. ಬಲಹೀನ ಕಾಲನ್ನು ಅದರಲ್ಲಿ ಮರೆಮಾಡಲು ಸಾಧ್ಯವೇ ಇಲ್ಲ. ನೋವಾದರೆ ತಕ್ಷಣ ನಿಲ್ಲಿಸುತ್ತಿದ್ದರು, ಫಿಸಿಯೋಥೆರಪಿಯವರು ಹೇಳಿದ ಮಿತಿಯನ್ನು ದಾಟಲು ಬಿಡುತ್ತಿರಲಿಲ್ಲ. ಆದರೆ ಎಡಗಾಲು ಬಲಗಾಲಿನಷ್ಟೇ ಗಟ್ಟಿಯಾಗಿ ನೆಲ ಹಿಡಿಯುವವರೆಗೆ ಗ್ರೇಡಿಂಗಿನ, ಅಂದರೆ ಬೆಲ್ಟ್ ಪರೀಕ್ಷೆಯ, ಮಾತೆತ್ತಲಿಲ್ಲ. ಕಳೆದ ಭಾನುವಾರ ಅವಳು ಪರೀಕ್ಷಕರ ಮುಂದೆ ಬಸ್ಸಾಯ್ ದಾಯ್ ಕತಾ ಮಾಡಿದಾಗ ಅವರು ಅವಳ ಕಾಲಿನ ಕಥೆ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಕಾಣಲೇ ಇಲ್ಲ. ಕನಿಕರದಿಂದ ಬಂದ ಬೆಲ್ಟ್ ಆಗಿದ್ದರೆ ಅದು ಅವಳ ಸೊಂಟದಲ್ಲಿ ಇಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಕ್ಕಳನ್ನು ಕ್ಲಾಸಿಗೆ ಸೇರಿಸಿ, ಮುಂದಿನ ಬಣ್ಣ ಯಾವಾಗ ಎಂದು ಕೇಳುವ ತಂದೆತಾಯಂದಿರಿಗೆ ನಾನು ಇದನ್ನೇ ಹೇಳುವುದು: ಮಗುವಿನ ನಿಲುವನ್ನು ನೋಡಿ, ಬಣ್ಣ ತಾನಾಗಿ ಬರುತ್ತದೆ.

ಆಪರೇಷನ್ ಮಾಡಿದ ವೈದ್ಯರು, ದಾದಿಯರು, ಫಿಸಿಯೋಥೆರಪಿಯವರು, ಬಿಟ್ಟುಹೋದ ಪಾಠಗಳನ್ನು ಮನೆಗೆ ಬಂದು ಹೇಳಿಕೊಟ್ಟ ಶಾಲೆಯ ಟೀಚರ್, ಬಾಡಿಗೆ ಮುಂದೆ ನೋಡೋಣ ಎಂದ ಆಟೋದವರು, ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೇಳಿದ ಅತ್ತೆ, ಅಕ್ಕ ಮಲಗಿರುವಾಗ ಸದ್ದಿಲ್ಲದೆ ಆಡಲು ಕಲಿತ ನಮ್ಮ ಚಿಕ್ಕವನು, ರಜೆ ಮುಗಿದರೂ ಕೆಲಸ ಉಳಿಸಿಕೊಟ್ಟ ಇವರ ಮೇಲಧಿಕಾರಿ, ಎಲ್ಲರಿಗೂ ನಮ್ಮ ನಮಸ್ಕಾರ.

ಎಲ್ಲವೂ ಸರಿಯಾಯಿತು ಎಂದು ಬರೆದು ಮುಗಿಸಿದರೆ ಸುಳ್ಳಾಗುತ್ತದೆ. ಮಗಳು ಓಡುತ್ತಾಳೆ, ಒದೆಯುತ್ತಾಳೆ, ತಮ್ಮನೊಂದಿಗೆ ಜಗಳವಾಡುತ್ತಾಳೆ. ನನ್ನೊಳಗಿನದ್ದು ಮಾತ್ರ ಇನ್ನೂ ಮಾಗಿಲ್ಲ. ರಾತ್ರಿ ಮಳೆ ಜೋರಾದರೆ ಈಗಲೂ ಎದ್ದು ಅವಳ ಕೋಣೆಗೆ ಹೋಗುತ್ತೇನೆ. ಹೆದ್ದಾರಿಯ ಕಡೆಯಿಂದ ಆಂಬುಲೆನ್ಸಿನ ಸದ್ದು ಕೇಳಿದರೆ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಯಾಕೆ ನನ್ನ ಮಗುವಿಗೇ ಹೀಗಾಯಿತು ಎಂಬ ಪ್ರಶ್ನೆ ಗ್ರೇಡಿಂಗಿನ ದಿನವೂ, ಅವಳು ನಗುತ್ತಾ ನಿಂತಿದ್ದಾಗಲೂ ನನ್ನ ಗಂಟಲಿಗೆ ಬಂದಿತ್ತು. ಅದಕ್ಕೆ ಉತ್ತರವಿಲ್ಲ. ಪಕ್ಕದಲ್ಲಿದ್ದ ಚೇಚಿ ನನ್ನ ಕೈಯನ್ನೊಮ್ಮೆ ಒತ್ತಿದರು. ಪರೀಕ್ಷಕರು ಅವಳ ಹೆಸರು ಕೂಗಿದರು, ನಾವಿಬ್ಬರೂ ಎದ್ದು ನಿಂತೆವು.

ಹೊಸ ಕಪ್ಪು ಬೆಲ್ಟ್ ಇನ್ನೂ ಪಳಗಿಲ್ಲ, ಗಂಟು ಬಿಚ್ಚಿಕೊಳ್ಳುತ್ತದೆ ಎಂದು ಮಗಳು ದೂರುತ್ತಿದ್ದಾಳೆ. ಶನಿವಾರದಿಂದ ಬಿಳಿ ಬೆಲ್ಟಿನ ಮಕ್ಕಳ ಸಾಲು ಅವಳ ಜವಾಬ್ದಾರಿ ಎಂದು ಮಾಷ್ ಹೇಳಿದ್ದಾರೆ. ಚೇಚಿಯ ಮಗನ ಗ್ರೇಡಿಂಗ್ ಮುಂದಿನ ಸಲ. ಆ ದಿನ ಜಗಲಿಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಕೂರುವ ಸರದಿ ನನ್ನದು.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಕ್ಲಾಸಿನ ಮಕ್ಕಳು, ಅವರ ಮನೆಯವರು, ಅಯಲ್ಕೂಟದ ಎಲ್ಲ ಹೆಂಗಸರು ಬರಬೇಕು. ಅಡುಗೆ ಅತ್ತೆಯದೂ ನನ್ನದೂ, ಬಡಿಸುವುದು ಇವರು ಮತ್ತು ಮಕ್ಕಳು. ಚೇಚಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುತ್ತೇವೆ. ಅವರು ಸೌಟು ಹಿಡಿಯಲು ಎದ್ದರೆ ಅಕ್ಕಪಕ್ಕದಲ್ಲಿ ಕುಳಿತವರು ದಯವಿಟ್ಟು ಬಿಡಬೇಡಿ.