ರಕ್ತಕ್ಕೆ ಸಿಕ್ಕ ಚಪ್ಪಾಳೆ

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿ ಬಂತು. ಜೊತೆಗಿಟ್ಟ ಕಾಗದವೂ ಬಂತು. ಎರಡರಲ್ಲಿ ಕಾಗದವೇ ಜಾಸ್ತಿ ಚೆನ್ನಾಗಿದೆ, ಬೇಜಾರು ಮಾಡಿಕೊಳ್ಳಬೇಡ. ಸಂಪಾದಕರೊಬ್ಬರು ಕಾದಂಬರಿಯನ್ನು ವಾಪಸ್ ಕಳಿಸಿದರು, ಜಪಾನಿನ ಚಿತ್ರಗಾರನ ಕತೆ ಕನ್ನಡದವರಿಗೆ ಯಾಕೆ ಅಂದರು, ಇನ್ನು ಬರೆಯುವುದಿಲ್ಲ ಅಂತ ಹೇಳಿದ್ದೀಯ. ಬಿಡುವುದಾದರೆ ಬಿಡು, ಯಾರೂ ಅಳುವುದಿಲ್ಲ. ಆದರೆ ಬರೆಯುವುದಿಲ್ಲ ಅನ್ನುವುದನ್ನು ಹೇಳಲಿಕ್ಕೆ ಇಷ್ಟುದ್ದ ಬರೆಯುವವನು ಬಿಡುವ ಪೈಕಿಯಲ್ಲ.

ಅಧ್ಯಾಯ ಎಷ್ಟು ಉದ್ದ ಇರಬೇಕು, ಪ್ರಕಾಶಕರನ್ನು ಹೇಗೆ ಹಿಡಿಯಬೇಕು, ಜಪಾನಿ ಹೆಸರುಗಳಿಗೆ ಅಡಿಟಿಪ್ಪಣಿ ಬೇಕಾ ಅಂತೆಲ್ಲ ಕೇಳಿದ್ದೀಯ. ಅದೆಲ್ಲ ಬರೆಯುತ್ತಾ ಬರೆಯುತ್ತಾ ತಾನೇ ಗೊತ್ತಾಗುತ್ತದೆ, ನನ್ನ ತಲೆ ತಿನ್ನಬೇಡ. ನನಗೆ ಚಿಂತೆ ಹತ್ತಿಸಿದ್ದು ಕಾಗದದ ಮಧ್ಯೆ ನೀನು ಸುಮ್ನೆ ತೂರಿಸಿರುವ ಒಂದು ಮಾತು. ಟೋಕಿಯೋದ ನಿನ್ನ ಕನ್ನಡದ ಗೆಳೆಯರೆಲ್ಲ ಕೊಲೆಗಳ ಅಧ್ಯಾಯ ಓದಿ ಮೈ ಜುಮ್ಮೆಂದಿತು ಅಂದರಂತೆ. ಆಮೇಲೆ ನೀನು ಅಂಥದ್ದೇ ಇನ್ನೂ ಎರಡು ಅಧ್ಯಾಯ ಸೇರಿಸಿದೆಯಂತೆ. ಆ ಸಂಪಾದಕರಿಂದ ನಿನಗೆ ಏನೂ ಆಗಿಲ್ಲ, ತಮ್ಮ. ನಿನ್ನನ್ನು ಕೆಡಿಸಿದವರು ಈ ಗೆಳೆಯರು.

ಯಾರ ಕತೆ ಬರೆಯುತ್ತಿದ್ದೀಯ ಅಂತ ಒಂದು ಸಲ ಯೋಚನೆ ಮಾಡು. ಯೋಶಿತೋಶಿ ಮರದಚ್ಚಿನ ಚಿತ್ರಗಾರ, 1839ರಲ್ಲಿ ಎದೋ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಹುಟ್ಟಿದವನು. 1850ರಲ್ಲಿ ಕುನಿಯೋಶಿ ಅನ್ನುವ ಚಿತ್ರಗಾರನ ಹತ್ತಿರ ಶಿಷ್ಯನಾಗಿ ಸೇರಿದ. 1866ರಿಂದ 67ರವರೆಗೆ ಯೋಶಿಇಕು ಅನ್ನುವ ಇನ್ನೊಬ್ಬ ಶಿಷ್ಯನ ಜೊತೆ ಇಪ್ಪತ್ತೆಂಟು ಕೊಲೆಗಳ ಚಿತ್ರಮಾಲೆ ಮಾಡಿದ. ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಆ ಹಾಳೆಗಳಲ್ಲಿ ರಕ್ತದ ಬಣ್ಣಕ್ಕೆ ಅಂಟು ಬೆರೆಸಿದ್ದರು. ಹಾಗಾಗಿ ಮಿಕ್ಕ ಬಣ್ಣಗಳೆಲ್ಲ ಕಾಗದದೊಳಗೆ ಇಂಗಿದರೆ ಕೆಂಪು ಮಾತ್ರ ಮೇಲೆ ನಿಂತು ಮಿನುಗುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಇನ್ನೂ ಹಸಿ ಇರುವ ಹಾಗೆ ಕಾಣುತ್ತದೆ. ಜನ ಕೊಂಡರು. ಇವತ್ತಿಗೂ ಯೋಶಿತೋಶಿ ಅಂದರೆ ಅನೇಕರಿಗೆ ಆ ಕೆಂಪೇ ನೆನಪಾಗುವುದು.

ನೀನು ಈ ಅಂಟಿನ ವಿಷಯ ಒಂದೇ ಸಾಲಿನಲ್ಲಿ ಮುಗಿಸಿ, ಹೆಣಗಳ ವರ್ಣನೆಗೆ ಪುಟಗಟ್ಟಲೆ ಕೊಟ್ಟಿದ್ದೀಯ. ರಕ್ತವನ್ನು ಹೊಳೆಯುವ ಹಾಗೆ ಮಾಡುವುದು ಒಂದು ಕಸುಬು, ಅದಕ್ಕೆ ಒಬ್ಬ ಮುದ್ರಕ ಕೂತು ಅಂಟು ಕಲಸಬೇಕು, ಅದು ಹದಕ್ಕೆ ಬರಬೇಕು. ಅಲ್ಲಿತ್ತು ನಿನ್ನ ಅಧ್ಯಾಯ.

ಇನ್ನೊಂದು ಮಾತು, ಕೋಪದಲ್ಲೇ ಹೇಳುತ್ತೇನೆ. ಎರಡನೇ ಭಾಗದಲ್ಲಿ ನಿನ್ನ ಯೋಶಿತೋಶಿ ರಾತ್ರಿಯಿಡೀ ಕೂತು ಉಳಿ ಹಿಡಿದು ಹಲಗೆ ಕೆತ್ತುತ್ತಾನೆ. ಮಾರಾಯ, ಅವನು ಯಾಕಪ್ಪಾ ಕೆತ್ತುತ್ತಾನೆ? ಚಿತ್ರಗಾರ ತೆಳು ಕಾಗದದ ಮೇಲೆ ಮಸಿಯಲ್ಲಿ ರೇಖೆ ಬರೆದು ಕೊಡುತ್ತಿದ್ದ. ಕೆತ್ತುವವನು ಅದನ್ನು ಚೆರ್ರಿ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಿದ್ದ. ಮುಖ, ಕೂದಲಿನ ಎಳೆ ನುರಿತವನ ಪಾಲು. ಉಳಿದದ್ದು ಕಲಿಯುವ ಹುಡುಗರಿಗೆ. ಆಮೇಲೆ ಬಣ್ಣಕ್ಕೊಂದು ಹಲಗೆ, ಮುದ್ರಕ ಬೇರೆ, ದುಡ್ಡು ಹಾಕುವ ಪ್ರಕಾಶಕ ಬೇರೆ. ಅಚ್ಚಿಗೆ ಬರೆದುಕೊಟ್ಟ ಆ ಮೂಲ ರೇಖೆಯೇ ಉಳಿಯುತ್ತಿರಲಿಲ್ಲ. ನೀನು ನೋಡಿದರೆ ಅದನ್ನು ಅವನ ಮನೆ ಗೋಡೆಗೆ ನೇತು ಹಾಕಿದ್ದೀಯ! ಇದು ಸಣ್ಣ ತಪ್ಪಲ್ಲ. ಒಂಟಿ ಮೇಧಾವಿ ಅನ್ನುವ ಚಿತ್ರ ಓದುಗರಿಗೆ ಇಷ್ಟ ಆಗುತ್ತದೆ ಅಂತ ನಿನಗೆ ಗೊತ್ತಿತ್ತು, ಅದಕ್ಕೇ ಬರೆದೆ. ಅದೂ ಚಪ್ಪಾಳೆಗೆ ಕೈ ಚಾಚಿದ್ದೇ.

ಹೊಗಳಿಕೆಯ ಬಗ್ಗೆ ನನಗೆ ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ನನ್ನ ಮೊದಲ ಕತೆಗಳಲ್ಲಿ ಒಂದರಲ್ಲಿ ಜಾತ್ರೆಯ ಹೊಡೆದಾಟ ಬರುತ್ತದೆ. ಹಿರಿಯ ವಿಮರ್ಶಕರೊಬ್ಬರು ವೇದಿಕೆ ಮೇಲೆ ಆ ಭಾಗವನ್ನು ಜೋರಾಗಿ ಓದಿ, ಹೆಣ್ಣುಮಗಳು ಇಂಥದ್ದನ್ನು ಬರೆದಿದ್ದಾಳೆ ನೋಡಿ ಅಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದೆ ವಾರಪತ್ರಿಕೆಯ ಸಂಪಾದಕರೊಬ್ಬರು ಕತೆ ಕೇಳಿದಾಗಲೆಲ್ಲ "ಆ ಹೊಡೆದಾಟದ ತರಹದ್ದು ಕೊಡಿ" ಅನ್ನುತ್ತಿದ್ದರು. ಹಿತ್ತಿಲಲ್ಲಿ ತೆಂಗಿನಕಾಯಿ ಎಣಿಸುತ್ತಾ ಲೆಕ್ಕ ತಪ್ಪುವ ಒಬ್ಬ ವಿಧವೆಯ ಕತೆ ಕಳಿಸಿದೆ. ಇದರಲ್ಲಿ ಖಾರ ಇಲ್ಲ ಅಂತ ವಾಪಸ್ ಬಂತು. ನನ್ನ ಪ್ರಕಾರ ಅದು ನನ್ನ ಒಳ್ಳೆಯ ಕತೆ. ಆ ಸಂಪಾದಕರು ತೀರಿಕೊಂಡು ಎಷ್ಟೋ ಕಾಲ ಆಯಿತು. ನನ್ನ ಸಿಟ್ಟು ಇನ್ನೂ ತೀರಿಲ್ಲ.

ಕುನಿಯೋಶಿಯನ್ನು ನೀನು ಬರೀ ಗುರು ಅಂತ ಒಂದು ಪುಟಕ್ಕೆ ತಂದು ಕಳಿಸಿಬಿಟ್ಟಿದ್ದೀಯ. ಅವನಿಂದ ಕಲಿಯುವುದು ಬೇಕಾದಷ್ಟಿದೆ. ಬಟ್ಟೆಗೆ ಬಣ್ಣ ಹಾಕುವವನ ಮಗ. 1827ರ ಸುಮಾರಿಗೆ ಚೀನೀ ಕತೆಯ ನೂರೆಂಟು ಬಂಡುಕೋರ ವೀರರನ್ನು ಒಂಟೊಂಟಿಯಾಗಿ ಬರೆಯಲು ಶುರು ಮಾಡಿದ. ಮೈತುಂಬ ಹಚ್ಚೆ, ಉಬ್ಬಿದ ತೋಳು, ಕೆರಳಿದ ಕಣ್ಣು. ಊರೇ ಮುಗಿಬಿತ್ತು. ಎದೋದ ಗಂಡಸರು ಆ ಚಿತ್ರ ನೋಡಿ ಹಚ್ಚೆ ಹಾಕಿಸಿಕೊಂಡರು. ವೀರರ ಚಿತ್ರಕ್ಕೆ ಅಲ್ಲಿ ಮುಶಾ-ಎ ಅನ್ನುತ್ತಾರೆ, ಅವನಿಗೆ ಮುಶಾ-ಎ ಕುನಿಯೋಶಿ ಅಂತಲೇ ಹೆಸರು ಬಿತ್ತು. ಅಂಥ ಹೆಸರು ಬಿದ್ದ ಮೇಲೆ ಸಾಯುವ ತನಕ ತೋಳು ಉಬ್ಬಿಸುತ್ತಾ ಕೂರಬಹುದಿತ್ತು.

ವೀರರನ್ನು ಅವನು ಬಿಡಲಿಲ್ಲ, ಮಾರುಕಟ್ಟೆ ಬಿಡುತ್ತಲೂ ಇರಲಿಲ್ಲ. 1842ರಲ್ಲಿ ಸರ್ಕಾರ ನಟರ ಮತ್ತು ವೇಶ್ಯೆಯರ ಚಿತ್ರಗಳನ್ನು ನಿಷೇಧಿಸಿದ ಮೇಲಂತೂ ವೀರರಿಗೆ ಇನ್ನೂ ಬೇಡಿಕೆ. ಆದರೆ 1843ರಲ್ಲಿ ಏನು ಮಾಡಿದ ನೋಡು. ಮೂರು ಹಾಳೆ ಜೋಡಿಸಿದ ಚಿತ್ರ. ಭೂತಜೇಡವನ್ನು ಕೊಂದ ಮಹಾವೀರ ಯೋರಿಮಿತ್ಸು ಅದರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾನೆ. ಅವನ ನಾಲ್ವರು ಬಂಟರು ಕಾವಲಿಗೆ. ಅವರಲ್ಲಿ ಇಬ್ಬರು ಗೋ ಆಟದ ಮಣೆಯ ಮುಂದೆ ಕೂತಿದ್ದಾರೆ. ಹಿಂದಿನ ಕತ್ತಲಲ್ಲಿ ಚಿತ್ರವಿಚಿತ್ರ ದೆವ್ವಗಳ ದಂಡು ನುಗ್ಗುತ್ತಿದೆ. ಮಲಗಿರುವವನು ದೇಶ ಆಳುವ ಸೇನಾಧಿಪತಿ ಶೋಗನ್, ದೆವ್ವಗಳು ಹೊಸ ಕಾನೂನಿನಿಂದ ನೊಂದ ಜನ ಅಂತ ಊರವರು ಓದಿಕೊಂಡರು. ಗಲಾಟೆ ಎದ್ದು ಪ್ರಕಾಶಕ ಹೆದರಿ ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡ. ವೀರರ ಚಿತ್ರಕ್ಕೆ ಹೆಸರಾದವನು ಮಲಗಿದ ವೀರನನ್ನು ಬರೆದ, ಅದಕ್ಕೆ ಊರು ಹೀಗೆ ಅಲ್ಲಾಡಿತು. ಇದು ನಿನ್ನ ಕಾದಂಬರಿಯಲ್ಲಿ ಇಲ್ಲವೇ ಇಲ್ಲ! ಕತ್ತಿ ಬೀಸುವುದಿಲ್ಲ ಅಂತ ಬಿಟ್ಟೆಯಾ?

ನಾಲ್ಕೇಳು ರೋನಿನ್‌ಗಳು, ಅಂದರೆ ಒಡೆಯನಿಲ್ಲದ ಸಮುರಾಯ್‌ಗಳು, ಅಂತ ಬರೆದಿದ್ದೀಯ, ನಲವತ್ತೇಳು ಅಂತ ತಿದ್ದು. 1847ರಲ್ಲಿ ಕುನಿಯೋಶಿ ಶುರು ಮಾಡಿದ ಅವರ ಚಿತ್ರಮಾಲೆಯನ್ನೂ ಒಮ್ಮೆ ಸಾವಕಾಶ ನೋಡು. ಸ್ವಾಮಿಯ ಸೇಡು ತೀರಿಸಿಕೊಂಡ ಒಬ್ಬೊಬ್ಬನಿಗೂ ಒಂದೊಂದು ಹಾಳೆ. ನಿಜವಾದ ಹೆಸರು ಹಾಕುವ ಹಾಗಿರಲಿಲ್ಲ, ಅವರ ನಾಯಕ ಓಇಶಿಯನ್ನು ಓಬೋಶಿ ಅಂತ ಸ್ವಲ್ಪ ತಿರುಚಿದರು. ಇತ್ತೀಚಿನ ಶತಮಾನಗಳ ವೀರರನ್ನು ಬರೆದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. 1804ರಲ್ಲಿ ಹದಿನಾರನೇ ಶತಮಾನದ ಆಳರಸ ಹಿದೆಯೋಶಿಯನ್ನು ಬರೆದದ್ದಕ್ಕೆ ಉತಾಮಾರೋನಂಥ ಹೆಸರಾಂತ ಚಿತ್ರಗಾರನಿಗೇ 50 ದಿನ ಕೈಗೆ ಕೋಳ ಬಿದ್ದಿತ್ತು. ಆದರೆ ನಾನು ನಿನಗೆ ತೋರಿಸಬೇಕು ಅಂದುಕೊಂಡದ್ದು ಬೇರೆ. ಆ ಹಾಳೆಗಳಲ್ಲಿ ಪ್ರತಿಯೊಬ್ಬನೂ ಒಂಟಿ. ಹಿಂದೆ ಖಾಲಿ ಕಾಗದ, ಮೇಲೆ ಅವನ ಜೀವನಚರಿತ್ರೆಯ ಬರಹ. ಎದುರಾಳಿ ಕಾಣುವುದೇ ಇಲ್ಲ. ಕಡಿಯುವ ಕೈ ಕಾಣುತ್ತದೆ, ಕಡಿಸಿಕೊಂಡವನು ನಮ್ಮ ತಲೆಯಲ್ಲಿ.

ಕುನಿಯೋಶಿಯ ಶಿಜೋನಾವಾತೆ ಕದನದ ಚಿತ್ರದಲ್ಲೂ ಹಾಗೇ. 1348ರಲ್ಲಿ ಕುಸುನೋಕಿ ಕಡೆಯವರು ಸೋತ ಯುದ್ಧ ಅದು. ಬಾಣಗಳ ಗೆರೆ ಮೂರೂ ಹಾಳೆಯನ್ನು ಸೀಳಿಕೊಂಡು ಹೋಗುತ್ತದೆ. ಬಿರುಮಳೆಗೆ ತಲೆ ತಗ್ಗಿಸಿ ನಡೆಯುವವರ ಹಾಗೆ ಅವರು ಮುಂದಕ್ಕೆ ಬಾಗಿದ್ದಾರೆ. ಬಾಣ ಬಿಡುವವರು ಚಿತ್ರದಲ್ಲಿಲ್ಲ. ನಿನ್ನ ಯುದ್ಧದ ಪುಟಗಳಲ್ಲಿ ಇಬ್ಬರೂ ಇದ್ದಾರೆ, ಕುದುರೆಗಳಿವೆ, ಕೂಗಾಟ ಇದೆ, "ರಣರಂಗ ನಡುಗಿತು" ಅನ್ನುವುದೂ ಇದೆ. ನನಗೆ ಮಾತ್ರ ಏನೂ ಕಾಣಲಿಲ್ಲ.

ಹಾಗಂತ ಹಸ್ತಪ್ರತಿ ಪೂರ್ತಿ ಕೆಟ್ಟದ್ದು ಅಂದುಕೊಳ್ಳಬೇಡ. ಉಯೆನೋ ಭಾಗ ಓದುವಾಗ ನಾನು ಕಾಫಿ ಆರಿಸಿಕೊಂಡೆ. 1868ರ ಜುಲೈಯಲ್ಲಿ ಎದೋದ ಆ ಗುಡ್ಡದ ದೇವಸ್ಥಾನದ ಸುತ್ತ ಶೋಗನ್ ಕಡೆಯವರನ್ನು ಹೊಸ ಸರ್ಕಾರದ ಸೈನ್ಯ ಹೊಡೆದು ಹಾಕಿತು. ಯೋಶಿತೋಶಿ ನಿಜವಾದ ಹೆಣ ನೋಡಿದ್ದು ಆಗ. ಆಮೇಲೆ ಬರೆದ ವೀರರಿಗೆ ಹಳೇ ಕಾಲದ ಹೆಸರು ಕೊಟ್ಟ, ಆದರೆ ಮುಖಗಳು ಮೊನ್ನೆ ಸತ್ತವರದ್ದು. ದಣಿದ ಮುಖ, ನಿದ್ದೆಗೆಟ್ಟ ಕಣ್ಣು. ಒಬ್ಬ ಬಂದೂಕನ್ನು ನಮ್ಮ ಕಡೆಗೇ ಹಿಡಿದಿದ್ದಾನೆ. ನೂರು ವೀರರು ಅಂತ ಶುರುವಾದ ಆ ಮಾಲೆ ನೂರಕ್ಕೆ ತಲುಪದೆ ನಿಂತುಹೋಯಿತು. ಇದನ್ನು ನೀನು ಅಬ್ಬರ ಇಲ್ಲದೆ ಬರೆದಿದ್ದೀಯ. ಅವನು ಒಂದು ಚಪ್ಪಲಿಯನ್ನು ದಾಟಿ ಹೋಗುವ ಸಾಲು ನನಗೆ ಬಾಯಿಪಾಠ ಆಗಿದೆ. ಗೆಳೆಯರು ಈ ಭಾಗದ ಬಗ್ಗೆ ಏನೂ ಹೇಳಲಿಲ್ಲ ಅಂತ ಬರೆದಿದ್ದೀಯ. ಸರಿ ಬಿಡು.

ಆಮೇಲೆ ನೀನು ಒಂದೇ ಹಾರಿಗೆ 1892ಕ್ಕೆ, ಅವನ ಸಾವಿಗೆ ಹೋಗಿಬಿಡುತ್ತೀಯ. ಮಧ್ಯೆ ಎಷ್ಟು ಇತ್ತು ಗೊತ್ತಾ? 1872ರ ಹೊತ್ತಿಗೆ ಅವನ ಮನಸ್ಸು ಕುಸಿಯಿತು, ಕೆಲಸ ನಿಂತಿತು. ಮನೆಯ ನೆಲದ ಹಲಗೆ ಕಿತ್ತು ಒಲೆಗೆ ಹಾಕಿದರು ಅನ್ನುತ್ತಾರೆ. ಮರುವರ್ಷ ತೈಸೋ ಅಂತ ಹೊಸ ಹೆಸರಿಟ್ಟುಕೊಂಡು ಎದ್ದ. ಎದ್ದವನು ಮತ್ತೆ ಅಂಟು ಬೆರೆಸಿದ ಕೆಂಪಿಗೆ ಹೋಗಬಹುದಿತ್ತು. 1883ರ ಆ ಮೂರು ಹಾಳೆಯ ಚಿತ್ರ ನೀನಿರುವ ಊರಿನಲ್ಲೇ ಸಿಕ್ಕರೂ ಸಿಕ್ಕೀತು, ಹರಾಜುಕುವಿನ ಓತಾ ಮ್ಯೂಸಿಯಂನಲ್ಲಿ ವಿಚಾರಿಸು. ಬಯಲಲ್ಲಿ ಹುಣ್ಣಿಮೆ, ಎತ್ತರದ ಹುಲ್ಲು ಗಾಳಿಗೆ ಬಾಗಿದೆ. ಫುಜಿವಾರಾ ಯಾಸುಮಾಸಾ ಕೊಳಲೂದುತ್ತಾ ನಡೆಯುತ್ತಿದ್ದಾನೆ. ಹಿಂದೆ ಹಕಾಮಾದಾರೆ ಅನ್ನುವ ದರೋಡೆಕೋರ ಬಗ್ಗಿಕೊಂಡು ಬರುತ್ತಿದ್ದಾನೆ, ಕೈ ಕತ್ತಿಯ ಮೇಲೆ. ಕೊಂದು ಬಟ್ಟೆ ಕಿತ್ತುಕೊಳ್ಳಬೇಕು, ಆದರೆ ಆಗುತ್ತಿಲ್ಲ. ಕತೆ ಅಷ್ಟೇ, ಹೊಡೆತ ಬೀಳುವುದೇ ಇಲ್ಲ. ಇದನ್ನೂ ಜನ ಮೆಚ್ಚಿದರು, ಕಬುಕಿ ರಂಗಕ್ಕೂ ತಂದರು. ನನ್ನ ವಾದಕ್ಕೆ ಇದು ಸ್ವಲ್ಪ ಅಡ್ಡ ಬರುತ್ತದೆ, ಬರಲಿ.

ಈಗ ಕೆಲಸದ ಮಾತು. ಕೊಲೆಯ ಅಧ್ಯಾಯಗಳಲ್ಲಿ ಆಮೇಲೆ ಸೇರಿಸಿದ ಎರಡನ್ನು ಕಿತ್ತುಹಾಕು. ಉಳಿದ ಒಂದರಲ್ಲಿ ಮುದ್ರಕ ಅಂಟು ಕಲಸಲಿ. ಉಳಿಯನ್ನು ಕೆತ್ತುವವನ ಕೈಗೆ ವಾಪಸ್ ಕೊಡು. 1872ರ ಮನೆಯ ಬಗ್ಗೆ ಹೊಸದಾಗಿ ಬರೆದು ಮೊದಲು ನನಗೆ ಕಳಿಸು, ಗೆಳೆಯರ ಗುಂಪಿಗೆ ಹಾಕಬೇಡ. ಪ್ರಿಂಟ್ ತೆಗೆಸಿ ಅಂಚೆಯಲ್ಲೇ ಕಳಿಸು, ಫೋನಿನಲ್ಲಿ ಓದಲು ನನ್ನ ಕೈಲಾಗುವುದಿಲ್ಲ. ಅಕ್ಷರ ದೊಡ್ಡದಿರಲಿ. ಉಗಾದಿ ಆದ ಮೇಲೆ ಮಗಳ ಮನೆಗೆ ಹೋಗುತ್ತೇನೆ, ಅದಕ್ಕೆ ಮುಂಚೆ ತಲುಪಿದರೆ ಒಳ್ಳೆಯದು.

ಇಂತಿ ನಿನ್ನ ಅಕ್ಕ