ಶಬ್ದ ಎರಡು ದಿನಕ್ಕೆ ಬರ್ತಾವ, ಗಾಳಿ ಮೊದಲು ಕಲಿ

ನಾರ್ತ್ ಪ್ಲಾಟ್, ನೆಬ್ರಾಸ್ಕ

ತಮ್ಮಾ,

ಗೂಡ್ಸ್ ಗಾಡಿಯ ಟ್ರೇನ್ ಮ್ಯಾನೇಜರ್ ಟ್ರೈನಿಂಗಿಗೆ ಹೊಂಟೀ ಅಂತ ಅವ್ವ ಹೇಳಿದಳು. ಬಳ್ಳಾರಿ ಮಂದಿ ಇನ್ನೂ ಗಾರ್ಡ್ ಅಂತಲೇ ಕರೀತಾರೆ, ಬೇಜಾರು ಮಾಡ್ಕೋಬೇಡ.

ನೀ ಕೇಳಿದ ಇಲ್ಲಿನ, ಅಮೆರಿಕದ ರೈಲಿನ ಶಬ್ದಗಳು: ವ್ಯಾಗನ್‌ಗೆ ಕಾರ್, ಸ್ಲೀಪರ್‌ಗೆ ಟೈ, ಪಾಯಿಂಟ್‌ಗೆ ಸ್ವಿಚ್, ಶಂಟಿಂಗ್‌ಗೆ ಸ್ವಿಚಿಂಗ್. ಲೋಕೋ ಪೈಲಟ್ ಇಲ್ಲಿ ಎಂಜಿನಿಯರ್, ನಿನ್ನಂಥವನು ಕಂಡಕ್ಟರ್. ಬೋಗಿ ಅಂದರೆ ನಮ್ಮೂರಲ್ಲಿ ಇಡೀ ಡಬ್ಬಿ, ನಿನ್ನ ಪುಸ್ತಕದಲ್ಲಿ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ಅದಕ್ಕೆ ಇವರು ಟ್ರಕ್ ಅಂತಾರೆ! ಗಾರ್ಡ್ ಕೂರುವ ಕೊನೆಯ ಡಬ್ಬಿ, ಬ್ರೇಕ್ ವ್ಯಾನನ್ನು ಇವರು 1980ರ ದಶಕದಿಂದಲೇ ತೆಗೆಯುತ್ತ ಬಂದರು. ಈಗ ಕೊನೆಯ ಕಾರಿನ ಜೋಡಣೆ ಕೊಂಡಿಯಾದ ಕಪ್ಲರ್‌ಗೆ ಸಿಕ್ಕಿಸಿದ ಒಂದು ಪೆಟ್ಟಿಗೆ ಬಾಲದ ಗಾಳಿಯ ಒತ್ತಡವನ್ನು ರೇಡಿಯೋದಲ್ಲಿ ಎಂಜಿನ್‌ಗೆ ತಿಳಿಸುತ್ತದೆ.

ಶಬ್ದ ಇಷ್ಟೇ. ತಲೆ ಕೆಡಿಸಿಕೊಳ್ಳಬೇಕಾದದ್ದು ಗಾಳಿಯ ಬಗ್ಗೆ. ಗಾಡಿಯುದ್ದಕ್ಕೂ ಹೋಗುವ ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಅಲ್ಲಿ ಚದರ ಸೆಂ.ಮೀ.ಗೆ 5 ಕೆ.ಜಿ., ಇಲ್ಲಿ ಚದರ ಇಂಚಿಗೆ 90 ಪೌಂಡ್, ಅಂದರೆ ಸುಮಾರು 6.3 ಕೆ.ಜಿ. ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಬಿಡುವ ರೀತಿಯಲ್ಲಿ ಮಾತ್ರ ವ್ಯತ್ಯಾಸ. ನಮ್ಮಲ್ಲಿ ಹಿಡಿದ ಬ್ರೇಕನ್ನು ತುಸುತುಸುವೇ ಸಡಿಲಿಸಬಹುದು. ಇಲ್ಲಿನ ಗೂಡ್ಸ್‌ನಲ್ಲಿ ಒಮ್ಮೆ ಬಿಟ್ಟರೆ ಪೂರ್ತಿ ಬಿಟ್ಟಂತೆ. ಇಳಿಜಾರಿನಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದರೆ ಸಿಲಿಂಡರಿಗೆ ಬೇಕಾದ ಗಾಳಿಯೇ ತುಂಬಿರುವುದಿಲ್ಲ. ಕ್ಯಾಸಲ್‌ರಾಕ್ ಘಾಟಿನ 1:37 ಇಳಿಜಾರು ನೆನೆಸಿಕೋ, ಅರ್ಥ ಆಗುತ್ತದೆ.

ಯಾರ್ಡಿನಲ್ಲಿ ಒಂದು ತಪ್ಪು ಮಾತ್ರ ಆಗಬಾರದು. ಎಂಜಿನ್ ಬಿಡಿಸುವಾಗ ಎರಡೂ ಕಡೆಯ ಆಂಗಲ್ ಕಾಕ್ (ಪೈಪಿನ ತುದಿಯ ನಲ್ಲಿ) ಮುಚ್ಚಿದರೆ ನಿಂತ ವ್ಯಾಗನ್‌ಗಳ ಪೈಪಿನಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಆ ಒತ್ತಡ ಮುಂದೆ ಹಿಂದೆ ಅಲೆದು ಸಮವಾಗುವಾಗ ಹಿಡಿದ ಬ್ರೇಕ್ ತಾನಾಗಿ ಬಿಟ್ಟೀತು, ಗಾಡಿ ಉರುಳೀತು. ಇಲ್ಲಿನ ಕ್ರಮ ಹೀಗೆ: ಮೊದಲು ಸಾಕಷ್ಟು ಹ್ಯಾಂಡ್ ಬ್ರೇಕ್ ಸುತ್ತು, ಎಂಜಿನ್ ಕಡೆಯ ಕಾಕ್ ಮುಚ್ಚು, ವ್ಯಾಗನ್ ಕಡೆಯದು ತೆರೆದೇ ಇರಲಿ. ಹೋಸ್ ಬಿಚ್ಚಿಕೊಂಡಾಗ ಬುಸ್ ಅಂತ ಗಾಳಿಯೆಲ್ಲ ಹೋಗಿ ಎಮರ್ಜೆನ್ಸಿ ಬ್ರೇಕ್ ಹಿಡಿಯಬೇಕು. ಆ ಸದ್ದು ಕೇಳದೆ ಅಲ್ಲಿಂದ ಕದಲುವುದಿಲ್ಲ.

ಇನ್ನು ರೇಕಿನ, ಅಂದರೆ ಜೋಡಿಸಿದ ವ್ಯಾಗನ್ ಸಾಲಿನ, ನಡುವೆ ಒಂದು ಕಾಕ್ ಮುಚ್ಚಿ ಉಳಿಯಿತು ಅನ್ನು. ಎಂಜಿನ್ ಗೇಜಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಅದರಾಚೆಯ ವ್ಯಾಗನ್‌ಗಳಿಗೆ ಡ್ರೈವರ್ ಹಾಕಿದ ಬ್ರೇಕ್ ತಲುಪುವುದೇ ಇಲ್ಲ. ಡ್ರೈವರ್ ಒತ್ತಡ ಇಳಿಸಿದಾಗ ನಿನ್ನ ವ್ಯಾನಿನ ಗೇಜಿನ ಮುಳ್ಳೂ ಇಳಿಯಬೇಕು, ಏರಿಸಿದಾಗ ಏರಬೇಕು. ಅದನ್ನು ಕಣ್ಣಾರೆ ನೋಡದೆ ಹಸಿರು ಬಾವುಟ ಎತ್ತಬೇಡ. ಇಲ್ಲಿ ಟೆಸ್ಟಿನಲ್ಲಿ 20 ಪೌಂಡ್ ಇಳಿಸಿ ಸೋರಿಕೆ ನೋಡುತ್ತಾರೆ. ನಿಮಿಷಕ್ಕೆ 5 ಪೌಂಡ್ ಮೀರಬಾರದು.

ತೋರಣಗಲ್ಲಿನಲ್ಲಿ ನೀ ನೋಡುವ ಬಾಕ್ಸ್‌ಎನ್ ವ್ಯಾಗನ್ನಿನ ಮಗ್ಗುಲಿಗೆ ಎಂಪ್ಟಿ-ಲೋಡ್ ಹಿಡಿಕೆ ಇರುತ್ತದೆ. ಅದಿರು ಇಳಿಸಿದ ಮೇಲೂ ಲೋಡ್ ಕಡೆಗೇ ಉಳಿದರೆ ಖಾಲಿ ವ್ಯಾಗನ್‌ಗೆ ಬ್ರೇಕ್ ಅತಿಯಾಗಿ, ಗಾಲಿ ಜಾರಿ ಚಪ್ಪಟೆಯಾಗುತ್ತದೆ. ದೂರದಿಂದಲೇ ಟಕ್ ಟಕ್ ಅನ್ನೋ ಗಾಲಿ ಅದೇ. ಲೋಡಾದಾಗ ಎಂಪ್ಟಿಯಲ್ಲಿದ್ದರೆ ಬ್ರೇಕ್ ಸಾಲದು.

ಕಪ್ಲರ್ ವಿಷಯ ಚಿಕ್ಕದು. ಅದರ ಬೆರಳು ಮಡಚಿದಂಥ ಕೊಕ್ಕೆ, ನಕಲ್, ಮುರಿಯುವುದು ಹೆಚ್ಚಾಗಿ ಡ್ರೈವರ್ ಜಗ್ಗಿದಾಗ. ಒಂದೊಂದು ಕಪ್ಲರ್‌ನಲ್ಲೂ ಕೆಲವು ಇಂಚು ಸಡಿಲ ಇರುತ್ತದೆ, 58 ವ್ಯಾಗನ್ನಿನ ಸಡಿಲ ಒಮ್ಮೆಲೇ ಬಿಗಿದರೆ ಹೊಡೆತ ಯಾವುದಾದರೂ ಒಂದರ ಮೇಲೆ ಬೀಳುತ್ತದೆ. ನಕಲ್ ಮುರಿದದ್ದೇ ವಾಸಿ, ಪಿನ್ ಎತ್ತಿ ಬದಲಿಸಬಹುದು. ಕಪ್ಲರನ್ನು ವ್ಯಾಗನ್ನಿಗೆ ಹಿಡಿದಿಡುವ ಡ್ರಾಬಾರ್ ಕಿತ್ತರೆ ಆ ವ್ಯಾಗನ್ನನ್ನೇ ಬದಿಗಿಡಬೇಕು. ಜೋಡಿಸಿದ ಮೇಲೆ ಒಮ್ಮೆ ಜಗ್ಗಿ ನೋಡುವುದು ಮರೀಬೇಡ; ಬಡಿದ ಸದ್ದು ಬಂತು ಅಂದ ಮಾತ್ರಕ್ಕೆ ಲಾಕ್ ಬಿದ್ದಿರುವುದಿಲ್ಲ.

ದಪ್ಪ ತೊಗಲಿನ ಕೈಗವಸು ತಗೋ, ಬಟ್ಟೆಯದು ಬೇಡ. ಅಪ್ಪಾಜಿಗೆ ನಮಸ್ಕಾರ ಹೇಳು. ಅವ್ವಗೆ ಭಾನುವಾರ ಫೋನ್ ಮಾಡ್ತೀನಿ.

ನಿನ್ನ ಅಣ್ಣ