ಚೈತ್ರದ 15 ದಿನಗಳ ಬಗ್ಗೆ ಬೆಂಗಳೂರು ನಗರಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ಯುಗಾದಿಯ ಪಾಡ್ಯದಿಂದ ಚೈತ್ರ ಹುಣ್ಣಿಮೆಯವರೆಗಿನ 15 ದಿನಗಳ ವಿಷಯವಾಗಿ ತಮ್ಮಲ್ಲಿ ಒಂದು ಮನವಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಒಂಬತ್ತನೆಯ ದಿನ ರಾಮನವಮಿ ಬರುತ್ತದೆ, ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಈ ನಡುವಿನ ದಿನಗಳಲ್ಲಿ ಬೆಂಗಳೂರಿನ ಸಂಗೀತ, ಊಟ ತಿಂಡಿ, ಸಂಜೆಯ ತಿರುಗಾಟ ಎಲ್ಲವೂ ಮನೆಯಿಂದ ಬೀದಿಗೆ, ಸಭಾಂಗಣದಿಂದ ಮೈದಾನಕ್ಕೆ ಬರುತ್ತವೆ. ಹಾಗೆ ಬಂದ ಜನರಿಗೆ, ಮುಖ್ಯವಾಗಿ ವಯಸ್ಸಾದವರಿಗೆ ಮತ್ತು ಹೆಣ್ಣುಮಕ್ಕಳಿಗೆ, ಕೊನೆಯವರೆಗೆ ಕೂತು ನೋಡಿ ಕೇಳಿ ನೆಮ್ಮದಿಯಿಂದ ಮನೆ ಸೇರುವ ಅನುಕೂಲವನ್ನು ಸರ್ಕಾರ ಮುಂಚಿತವಾಗಿಯೇ ಮಾಡಿಕೊಡಬೇಕು ಎನ್ನುವುದಷ್ಟೇ ನನ್ನ ಕೋರಿಕೆ.

ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ 1939ರಲ್ಲಿ ಆರಂಭವಾದದ್ದು. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥ ಮಹಾನ್ ಕಲಾವಿದರು ಹಾಡಿದ್ದಾರೆ. ಬಡಾವಣೆಗಳ ಎಷ್ಟೋ ರಾಮಮಂದಿರಗಳಲ್ಲಿ, ಶಾಮಿಯಾನ ಹಾಕಿದ ರಸ್ತೆಗಳಲ್ಲಿ ಇದೇ ದಿನಗಳಲ್ಲಿ ಕಛೇರಿಗಳು ನಡೆಯುತ್ತವೆ, ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಬಂದವರಿಗೆಲ್ಲ ಸಿಗುತ್ತವೆ. ಬೇರೆ ಊರಿನ ಸಂಗೀತಗಾರರೂ ಕಾದು ಬರುವ ಕಾಲವಿದು.

ನನ್ನ ಅತ್ತೆಯವರಿಗೆ ಈಗ 74 ವರ್ಷ. ನಾವಿರುವುದು ರಾಜಾಜಿನಗರದಲ್ಲಿ. ಹೋದ ವರ್ಷ ಒಂದು ಸಂಜೆ ಅವರನ್ನು ಮೈದಾನವೊಂದರ ಕಛೇರಿಗೆ ಕರೆದುಕೊಂಡು ಹೋಗಿದ್ದೆ. ಕಛೇರಿಯ ಮುಖ್ಯ ಭಾಗವಾದ ರಾಗ ತಾನ ಪಲ್ಲವಿ ಮುಗಿದು, ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾಗುವ ಹೊತ್ತಿಗೆ ಅವರು ಚಪ್ಪಲಿ ಹುಡುಕತೊಡಗಿದರು. ಶೌಚಾಲಯಕ್ಕೆ ಹೋಗಬೇಕಿತ್ತು. ಸುತ್ತಲಿನ ಬೀದಿಗಳಲ್ಲಿ ಇದ್ದ ಒಂದೇ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಇನ್ನೂ ತಡವಾದರೆ ಆಟೋದವರು ಬರಲು ಒಪ್ಪುವುದಿಲ್ಲ ಎಂಬ ಭಯ ಬೇರೆ. ನಾವು ಎದ್ದು ಬಂದೆವು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತ್ಯಾಗರಾಜರ, ದೀಕ್ಷಿತರ ಕೃತಿಗಳು ಮೊದಲು ಬರುತ್ತವೆ, ದಾಸರ ದೇವರನಾಮಗಳು ಹೆಚ್ಚಾಗಿ ಕೊನೆಗೆ ಬರುತ್ತವೆ. ರಾಗ ಲಕ್ಷಣ ಗೊತ್ತಿಲ್ಲದಿದ್ದರೂ ದೇವರನಾಮದ ಪ್ರತಿ ಪದವೂ ಬಾಯಿಗೆ ಬರುವ ಹಿರಿಯ ಹೆಂಗಸರು ಅದೊಂದನ್ನು ಕೇಳಲೆಂದೇ ಮೂರು ಗಂಟೆ ಕೂತಿರುತ್ತಾರೆ. ಅವರೇ ಅದಕ್ಕೆ ಮೊದಲು ಎದ್ದು ಹೋಗಬೇಕಾಗುವುದು ನನಗೆ ಬಹಳ ದುಃಖದ ಸಂಗತಿ. ಇದನ್ನು ಸಂಘಟಕರ ತಪ್ಪೆಂದು ನಾನು ಹೇಳಲಾರೆ. ಚಪ್ಪರ ಹಾಕುವುದು, ಕಲಾವಿದರನ್ನು ಕರೆಸುವುದು ಅವರ ಕೆಲಸ. ಚಪ್ಪರದ ಹೊರಗಿನ ದೀಪ, ಕಾಲುದಾರಿ, ಶೌಚಾಲಯ, ಬಸ್ಸು ನಗರವನ್ನು ನಡೆಸುವವರ ಹೊಣೆ.

ಕರಗದ ರಾತ್ರಿಯದು ಇನ್ನೂ ದೊಡ್ಡ ಹೊಣೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ದ್ರೌಪದಿಯ ಕರಗ ನಡುರಾತ್ರಿಯ ಹೊತ್ತಿಗೆ ಹೊರಟು, ಕತ್ತಿ ಹಿಡಿದ ವೀರಕುಮಾರರ ಕಾವಲಿನಲ್ಲಿ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನ ಹೊತ್ತಿಗೆ ಹಿಂದಿರುಗುತ್ತದೆ. ಕರಗ ಹೊತ್ತವರು ಹೆಣ್ಣಿನ ಉಡುಗೆಯಲ್ಲಿ, ಮೈತುಂಬ ಮಲ್ಲಿಗೆ ಹೊದ್ದು, ತಲೆಯ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ ನಡೆಯುತ್ತಾರೆ. ಅಂಥವರ ಕಾಲ ಕೆಳಗೆ ಅಗೆದು ಬಿಟ್ಟ ಗುಂಡಿ, ಎದ್ದು ನಿಂತ ಚಪ್ಪಡಿ, ತಲೆಯ ಮಟ್ಟದಲ್ಲಿ ಜೋತುಬಿದ್ದ ಕೇಬಲ್ಲು ಇರಬಾರದು. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆಂದು ಬಾಕಿ ಕಾಮಗಾರಿಗಳನ್ನು ಅವಸರದಲ್ಲಿ ಕೈಗೆತ್ತಿಕೊಳ್ಳುವ ರೂಢಿ ಇರುವುದರಿಂದ, ಚೈತ್ರ ಬರುವ ಹೊತ್ತಿಗೆ ಊರಿನ ರಸ್ತೆಗಳು ಅಗೆದು ಬಿದ್ದಿರುವುದು ಸಾಮಾನ್ಯವಾಗಿದೆ. ಪಂಚಾಂಗವೂ ಕರಗದ ದಾರಿಯೂ ಮೊದಲೇ ಗೊತ್ತಿರುವಾಗ, ಆ ಬೀದಿಗಳ ಕೆಲಸ ಶಿವರಾತ್ರಿಯೊಳಗೆ ಮುಗಿಯಬೇಕು, ಯುಗಾದಿಯ ನಂತರ ಹುಣ್ಣಿಮೆಯವರೆಗೆ ಅಲ್ಲಿ ಹಾರೆ ಗುದ್ದಲಿ ಬೀಳಬಾರದು ಎಂದು ಒಂದು ಆದೇಶ ಹೊರಡಿಸುವುದು ಕಷ್ಟವಾಗಲಾರದು ಎಂದು ನಂಬಿದ್ದೇನೆ. ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಹೋದ ಮೇಲೂ ಕರಗಕ್ಕಾಗಿ ಅಲ್ಲೊಂದು ಪುಟ್ಟ ಕೊಳವನ್ನು ಉಳಿಸಿಕೊಂಡ ಊರು ಇದು.

ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣಗಳು ಪೇಟೆಯ ಮಡಿಲಲ್ಲೇ ಇವೆ. ಕ್ರಿಕೆಟ್ ಪಂದ್ಯಗಳಿದ್ದ ರಾತ್ರಿಗಳಲ್ಲಿ ಮೆಟ್ರೊ ರೈಲುಗಳನ್ನು ಹೆಚ್ಚು ಹೊತ್ತು ಓಡಿಸಿದ್ದನ್ನು ನಾವು ಕಂಡಿದ್ದೇವೆ, ಅದರಿಂದ ಎಷ್ಟೋ ಜನಕ್ಕೆ ಅನುಕೂಲವೂ ಆಗಿದೆ. ಕರಗದ ರಾತ್ರಿಗೂ ಅದೇ ಏರ್ಪಾಡು ಪ್ರತಿ ವರ್ಷವೂ ಖಾತ್ರಿಯಾಗಿರಲಿ, ವಾರ ಮೊದಲೇ ಪ್ರಕಟವಾಗಲಿ. ಹಾಗಾದರೆ ಯಲಚೇನಹಳ್ಳಿಯಿಂದಲೋ ಪೀಣ್ಯದಿಂದಲೋ ಮಕ್ಕಳನ್ನು ಕರೆದುಕೊಂಡು ಬರುವ ತಾಯಿಯೊಬ್ಬಳು ಹಿಂದಿರುಗುವ ದಾರಿಯ ಚಿಂತೆಯಿಲ್ಲದೆ ಹೊರಡುತ್ತಾಳೆ.

ತಿಂಡಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಸಂಜೆ ಹೋಳಿಗೆ, ದೋಸೆ, ಕಾಂಗ್ರೆಸ್ ಕಡಲೆಕಾಯಿ ಬನ್ನು ಮಾರುವವರಿಗೂ, ಉತ್ಸವದ ದಿನ ಬೀದಿ ಬದಿಯಲ್ಲಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕೊಡುವವರಿಗೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಬಂದೋಬಸ್ತಿನ ಹೆಸರಿನಲ್ಲಿ ಅವರನ್ನು ಎಬ್ಬಿಸುವ ಬದಲು ಅವರಿಗೆ ಕುಡಿಯುವ ನೀರಿನ ನಲ್ಲಿ ಮತ್ತು ಕಸದ ತೊಟ್ಟಿ ಒದಗಿಸಬೇಕು. ಅರವಟ್ಟಿಗೆ ಇಡುವ ಗೆಳೆಯರ ಬಳಗಗಳಿಗೂ ಶುದ್ಧ ನೀರು ಸಿಗುವಂತಾದರೆ, ಪ್ಲಾಸ್ಟಿಕ್ ಲೋಟದ ಬದಲು ದೊನ್ನೆ ಬಳಸಿರೆಂದು ಹೇಳುವ ನೈತಿಕ ಹಕ್ಕು ನಗರಾಡಳಿತಕ್ಕೆ ಬರುತ್ತದೆ. ಕರಗ ಮುಗಿದ ಬೆಳಿಗ್ಗೆ ಆ ಬೀದಿಗಳನ್ನೆಲ್ಲ ಗುಡಿಸುವ ಪೌರಕಾರ್ಮಿಕರಿಗೆ ಅಂದು ಬಿಸಿ ತಿಂಡಿಯೂ ಮರುದಿನ ರಜೆಯೂ ಸಿಗಲಿ ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ.

ಬೆಂಗಳೂರಿನ ವಸಂತಕ್ಕೆ ಇಷ್ಟು ಬಣ್ಣ ಬಂದದ್ದು ಸರ್ಕಾರಿ ನೌಕರಿಯಲ್ಲಿದ್ದವರ ದೂರಾಲೋಚನೆಯಿಂದ ಎಂಬುದು ತಮಗೆ ತಿಳಿದೇ ಇದೆ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂವುದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಚಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬಡಾವಣೆಗಳ ಉದ್ದಕ್ಕೂ ಲಕ್ಷಗಟ್ಟಲೆ ಸಸಿ ನೆಡಿಸಿದರು. ಇಂದು ಹಳದಿ ಟಬೂಬಿಯಾ, ನೀಲಿ ಜಕರಾಂಡ ನೋಡಲೆಂದೇ ಜನ ಮನೆಯಿಂದ ಹೊರಡುತ್ತಾರೆ, ಹೊಂಗೆಯ ಹೂ ಹಾಸಿದ ನೆರಳಿನಲ್ಲಿ ನಿಲ್ಲುತ್ತಾರೆ.

ಆದ್ದರಿಂದ ನಗರಪಾಲಿಕೆಗಳು, ಮೆಟ್ರೊ, ಬಿಎಂಟಿಸಿ, ಜಲಮಂಡಳಿ, ಪೊಲೀಸ್ ಇಲಾಖೆ ಇವರನ್ನೆಲ್ಲ ಪ್ರತಿ ವರ್ಷ ಸಂಕ್ರಾಂತಿ ಕಳೆದೊಡನೆ ಒಂದೇ ಮೇಜಿನ ಸುತ್ತ ಕೂರಿಸಿ, ಕರಗದ ಹಿರಿಯರನ್ನೂ ಸಂಗೀತ ಸಭೆಗಳವರನ್ನೂ ಬೀದಿ ವ್ಯಾಪಾರಿಗಳನ್ನೂ ಅಲ್ಲಿಗೆ ಕರೆಯಬೇಕೆಂದು ಕೋರುತ್ತೇನೆ. ಆ ಸಭೆಗೆ ಮೊದಲು ತಾವು ಒಂದು ಸಂಜೆ ಬಿಡುವು ಮಾಡಿಕೊಂಡರೆ, ಮಾರುಕಟ್ಟೆ ನಿಲ್ದಾಣದಿಂದ ಧರ್ಮರಾಯಸ್ವಾಮಿ ದೇವಸ್ಥಾನದವರೆಗೆ ತಮ್ಮೊಂದಿಗೆ ನಡೆದು, ಎಲ್ಲಿ ದೀಪವಿಲ್ಲ, ಎಲ್ಲಿ ಚಪ್ಪಡಿ ಎದ್ದಿದೆ ಎಂದು ತೋರಿಸಲು ನಾನು ಸಿದ್ಧಳಿದ್ದೇನೆ. ಅತ್ತೆಯವರೂ ಬರುತ್ತೇನೆಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ರಾಜಾಜಿನಗರದ ಒಬ್ಬ ನಿವಾಸಿ